ಒಂದು ದೀರ್ಘಕ್ಕೆ ಅಂಜಿದ ಚಿತ್ತಪ್ಪನವರು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಯಾವುದೇ ಊರಿನಲ್ಲಿ ಕಬಡ್ಡಿ ಆಡುವವರ ಅಂಗಿಯ ಮೇಲೆ ಹುಲಿಯೊಂದರ ಮೀಸೆ ಎಳೆಎಳೆಯಾಗಿ ಮೂಡಿದ್ದರೆ, ಮಹಿಳಾ ಸಂಘದವರ ಟೀ ಶರ್ಟಿನ ಮೇಲೆ ಐದು ಬಣ್ಣದ ನವಿಲು ಒಂದು ಬಣ್ಣ ಇನ್ನೊಂದಕ್ಕೆ ತಾಗದಂತೆ ಗರಿ ಬಿಚ್ಚಿದ್ದರೆ, ಅದು ಶ್ರೀ ಚಿತ್ತಪ್ಪನವರ ಕೈಕೆಲಸ, ಇಲ್ಲವೇ ಅವರ ಹತ್ತಿರ ಬೈಸಿಕೊಂಡು ಕಲಿತವರ ಕೈಕೆಲಸ ಎಂದು ಕಣ್ಣು ಮುಚ್ಚಿ ಹೇಳಬಹುದು. ಸ್ಕ್ರೀನ್ ಪ್ರಿಂಟಿಂಗ್ ಎಂಬ ಕಸುಬಿಗೆ ನಮ್ಮ ಭಾಗದಲ್ಲಿ ಒಂದು ಮರ್ಯಾದೆ ತಂದುಕೊಟ್ಟು, ಮೂವತ್ತೆಂಟು ವರ್ಷ ದುಡಿದು, ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ನಿವೃತ್ತರಾಗುತ್ತಿರುವಾಗ ಶಿಷ್ಯರೆಲ್ಲ ಸೇರಿ ಈ ಗ್ರಂಥವನ್ನು ಹೊರತರುತ್ತಿರುವುದು ಉಚಿತವೇ ಆಗಿದೆ.

ಇಂಥ ಗ್ರಂಥಗಳಲ್ಲಿ ಸನ್ಮಾನಿತರನ್ನು ಎದೆಗಾರರು, ಯಾವುದಕ್ಕೂ ಜಗ್ಗದವರು ಎಂದು ಹೊಗಳುವುದು ವಾಡಿಕೆ. ಚಿತ್ತಪ್ಪನವರ ಬಗ್ಗೆ ಹಾಗೆ ಬರೆದರೆ ಮೊದಲು ನಗುವವರು ಅವರ ಶಿಷ್ಯರು. ಅವರು ಪಕ್ಕಾ ಅಂಜುಬುರುಕರು. ಅಚ್ಚಾದ ಅಂಗಿಯನ್ನು ಹತ್ತು ಸಲ ತಿರುಗಿಸಿ ನೋಡುವವರು, ಮಡಿಸಿ ಕಟ್ಟಿದ ಗಂಟನ್ನು ಬಿಚ್ಚಿಸಿ ಮತ್ತೆ ನೋಡುವವರು, ಗಿರಾಕಿ ಬಾಗಿಲು ದಾಟಿದ ಮೇಲೂ ಹಿಂದೆ ಓಡಿ "ಒಂದ್ನಿಮಿಷ ಕೊಡ್ರಿ ಇಲ್ಲಿ" ಎನ್ನುವವರು. ಈ ಲೇಖನ ಆ ಅಂಜಿಕೆಯನ್ನೇ ಅಭಿನಂದಿಸಲು ಹೊರಟಿದೆ. ಅದು ಎಲ್ಲಿಂದ ಬಂತೆಂದು ತಿಳಿದವರು ಇದನ್ನು ಗೇಲಿಯೆಂದು ಭಾವಿಸಲಾರರು.

ಜಗಳೂರು ತಾಲ್ಲೂಕಿನಲ್ಲಿ ಹುಟ್ಟಿದ ಚಿತ್ತಪ್ಪನವರು ಕೆಲಸ ಕಲಿತದ್ದು ಚನ್ನಗಿರಿಯಲ್ಲಿ, ವಿರೂಪಾಕ್ಷಪ್ಪ ಎಂಬ ಮಾಲೀಕರ ಸಣ್ಣ ಅಂಗಡಿಯಲ್ಲಿ. ಆಗ ಅಂಗಿಯ ಕೆಲಸ ಎಲ್ಲಿತ್ತು? ಲಗ್ನಪತ್ರಿಕೆ, ಗೃಹಪ್ರವೇಶ, ಅದು ಬಿಟ್ಟರೆ ಸತ್ತವರ ವರ್ಷದ ಕಾರ್ಡು. ಅವರ ಅಕ್ಷರ ಗುಂಡಗೆ ಮುತ್ತು ಪೋಣಿಸಿದ ಹಾಗಿದ್ದುದರಿಂದ ಕಾರ್ಡಿನ ತಲೆಬರಹವನ್ನೆಲ್ಲ ಅವರೇ ಕೈಯಲ್ಲಿ ಬರೆಯುತ್ತಿದ್ದರು. ಹನ್ನೊಂದು ವರ್ಷ ವಾರಕ್ಕೆ ಎರಡು ಮೂರು ಸಲ 'ಮೊದಲ ವರ್ಷದ ಶ್ರಾದ್ಧ' ಎಂದು ಬರೆದೂ ಬರೆದೂ, ಆ ಪದ ಬರೆಯಲು ಅವರಿಗೆ ಕಣ್ಣು ಬೇಕಾಗಿರಲಿಲ್ಲ. ಈ ಸಂಗತಿ ಓದುಗರ ನೆನಪಿನಲ್ಲಿರಲಿ.

ಆಮೇಲೆ ಹೊನ್ನಾಳಿಗೆ ಬಂದರು, ಅಂಗಿಗಳ ಕಾಲ ಶುರುವಾಯಿತು. ಬಹುವರ್ಣದ ಕೆಲಸವೆಂದರೆ ಒಂದೊಂದು ಬಣ್ಣಕ್ಕೆ ಒಂದೊಂದು ಫ್ರೇಮು. ಚಿತ್ರದಲ್ಲಿ ಆ ಬಣ್ಣ ಎಲ್ಲೆಲ್ಲಿ ಬೀಳಬೇಕೋ ಅಷ್ಟನ್ನೇ ಆ ಫ್ರೇಮಿನ ಬಲೆಯಲ್ಲಿ ತೆರೆದಿಟ್ಟು, ಅಂಗಿಯ ಮೇಲಿಟ್ಟು, ಬಣ್ಣ ಸುರಿದು ರಬ್ಬರಿನಿಂದ ಎಳೆಯಬೇಕು. ಒಣಗಿದ ಮೇಲೆ ಮುಂದಿನದು. ಒಂದು ಫ್ರೇಮು ನೂಲಿನಷ್ಟು ಸರಿದರೂ ಹುಲಿಯ ಕಣ್ಣು ಕೆನ್ನೆಗೆ ಬರುತ್ತದೆ. ಈ ಕೆಲಸವನ್ನು ಅವರು ಮುಚ್ಚಿಟ್ಟುಕೊಳ್ಳದೆ ಕಲಿಸಿದರು. ಕೆಂಚೇಶ್ ಎಂಬ ಶಿಷ್ಯ ಎಂಬತ್ತು ಅಂಗಿ ಕೆಡಿಸಿದಾಗ ತಾವೇ ಕೆಡಿಸಿದ್ದೆಂದು ಗಿರಾಕಿಯ ಮುಂದೆ ತಲೆ ತಗ್ಗಿಸಿ ನಿಂತರು. ಫ್ರೇಮಿಗೆ ಬಳಿಯುವ ಔಷಧಿಯಿಂದ ಅಕ್ಷಿತಾ ಎಂಬಾಕೆಯ ಅಂಗೈ ಸಿಪ್ಪೆಯೆದ್ದಾಗ ಎರಡು ತಿಂಗಳು ಆಕೆಯ ಪಾಲಿನ ತೊಳೆಯುವ ಕೆಲಸವನ್ನೆಲ್ಲ ತಾವೇ ಮಾಡಿ, "ಕೈ ಇದ್ರೆ ಕೆಲ್ಸ ಕಣವ್ವ, ಸುಮ್ನೆ ಕೂತ್ಕೊಂಡು ನೋಡು" ಎಂದರು. ಇಂದು ಆಕೆ ಜಗಳೂರಿನಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾರೆ.

ಕೊನೆಯ ಹದಿನಾಲ್ಕು ವರ್ಷ ನ್ಯಾಮತಿ. ಅಲ್ಲಿ ಅಂಗಿ ಮಡಿಸುವ ಕೆಲಸಕ್ಕಿದ್ದವರು ಶಂಕ್ರಮ್ಮ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಣ್ಣುಮಗಳು, ಯಾವುದನ್ನೇ ಆಗಲಿ ಅಕ್ಷರ ಅಕ್ಷರ ಕೂಡಿಸಿಯೇ ಓದಬೇಕು.

ಆರು ವರ್ಷದ ಹಿಂದೆ ತ್ಯಾವಣಿಗೆಯಿಂದ ಪ್ರವೀಣ್ ಕುಮಾರ್ ಎಂಬ ಯುವಕ ಬಂದರು. ಪಂಚಾಯಿತಿಯಲ್ಲಿ ನೌಕರಿ. ಮಗಳ ಮೊದಲ ಹುಟ್ಟುಹಬ್ಬ, ಮನೆಯವರಿಗೆಲ್ಲ ನಲವತ್ತು ಅಂಗಿ, ಕೂಸಿಗೊಂದು ಪುಟ್ಟದು. "ಇದಕ್ಕಿಂತ ಮೊದ್ಲು ಎರಡು ಮಕ್ಳು ಹೋದವು ಸಾರ್, ಎರಡೂ ವರ್ಷ ತುಂಬಲಿಲ್ಲ. ಇವಳು ತುಂಬಿದಾಳೆ. ಚೆನ್ನಾಗಿ ಮಾಡ್ಕೊಡ್ರಿ" ಎಂದರು. ಮಗುವಿನ ಹೆಸರು ಶ್ರದ್ಧಾ. ಅಂಗಿಯ ಮೇಲೆ 'ಶ್ರದ್ಧಾ, ಮೊದಲ ವರ್ಷ' ಎಂದಿರಬೇಕು.

ಚಿತ್ತಪ್ಪನವರು ಆರು ಬಣ್ಣದ ಚಿತ್ರ ಬರೆದರು. ಹೆಸರಿನ ಅಕ್ಷರ ಕೆಂಪು. ಸುತ್ತ ಮಲ್ಲಿಗೆ ಬಳ್ಳಿ ಹಸಿರು. ಆ ಬಳ್ಳಿಯದೇ ಒಂದು ಕುಡಿ ಇಳಿದು ಬಂದು ಹೆಸರಿನ ದೀರ್ಘವಾಗಬೇಕು. ಅಂದರೆ ಕೆಂಪು ಫ್ರೇಮಿನಲ್ಲಿ ದೀರ್ಘವಿಲ್ಲದ ಎರಡಕ್ಷರ, ಹಸಿರು ಫ್ರೇಮಿನಲ್ಲಿ ದೀರ್ಘ ಮಾತ್ರ. ಎಂಥ ಚೆಂದದ ಯೋಚನೆ! ಕೆಂಪಿನಲ್ಲಿ ಒಂದು ಚುಕ್ಕೆಯೂ ತಪ್ಪಲಿಲ್ಲ. ಹಸಿರನ್ನು ಬೇರೆ ಹಾಳೆಯಲ್ಲಿ ಬರೆಯುವಾಗ, ಚನ್ನಗಿರಿಯ ಹನ್ನೊಂದು ವರ್ಷಗಳ ರೂಢಿಯಲ್ಲಿ ಕೈ ತಾನಾಗಿ ನಡೆದು, ಕೊನೆಯ ಅಕ್ಷರಕ್ಕೆ ಇಳಿಯಬೇಕಾದ ಕುಡಿಯನ್ನು ಮೊದಲ ಅಕ್ಷರಕ್ಕೆ ಇಳಿಸಿತು. ಅಚ್ಚು ಹಾಕುವಾಗ ಅವರು ನೋಡಿದರು, ನ್ಯಾಮತಿ ಅಂಗಡಿಯ ಮಾಲೀಕರ ಮಗ ನೋಡಿದರು, ಒಯ್ಯಲು ಬಂದ ಪ್ರವೀಣ್ ಕುಮಾರ್ ಅವರೂ ನೋಡಿದರು. ಎಲ್ಲರೂ ಓದು ಬಲ್ಲವರು, ಏನಿರಬೇಕೋ ಅದನ್ನೇ ಓದಿಕೊಂಡರು.

ಮರುದಿನ ಭಾನುವಾರ ಬೆಳಗ್ಗೆ ಒಂಬತ್ತರ ಸುಮಾರಿಗೆ ಹಿಂದಿನ ದಿನ ಮಡಿಸುವ ಅವಸರದಲ್ಲಿ ಅಕ್ಷರ ನೋಡಿರದ ಶಂಕ್ರಮ್ಮ ಅಂಗಡಿ ಒರೆಸಲೆಂದು, ಮೊದಲ ಅಚ್ಚು ಹಾಕಿ ಪಕ್ಕಕ್ಕಿಟ್ಟಿದ್ದ ಅಂಗಿಯನ್ನು ಕೈಗೆತ್ತಿಕೊಂಡರು. ಅಕ್ಷರ ಕೂಡಿಸತೊಡಗಿದರು. "ಶ್ರಾ... ದ್ಧ. ಮೊದಲ... ವರ್ಷ. ಅಯ್ಯೋ ಮೇಷ್ಟ್ರೇ, ಕೂಸಿನ ಹುಟ್ಟಿದ್ ಹಬ್ಬಕ್ಕೆ ತಿಥಿ ಅಂತ ಬರ್ದೀರಲ್ರಿ!"

ಚಿತ್ತಪ್ಪನವರು ಅಂಗಿಯನ್ನು ಕಸಿದುಕೊಂಡು ನೋಡಿದರು. ತಮ್ಮದೇ ಅಕ್ಷರ, ತಮ್ಮದೇ ಬಳ್ಳಿ. ಫೋನು ಮಾಡಿದರೆ ಆ ಕಡೆ ಯಾರೂ ಎತ್ತಲಿಲ್ಲ. ಎತ್ತಿದ್ದರೆ ತಾನೇ ಏನು ಹೇಳುವುದು? ಗಂಟು ಬಿಚ್ಚಬೇಡಿ ಎಂದರೆ ಮೊದಲು ಬಿಚ್ಚಿಯೇ ನೋಡುತ್ತಾರೆ. ಶಂಕ್ರಮ್ಮನನ್ನು ಹಿಂದೆ ಕೂರಿಸಿಕೊಂಡು ತಮ್ಮ ಹಳೆಯ ಮೊಪೆಡ್ಡಿನಲ್ಲಿ ಹೊರಟರು.

ಹೊನ್ನಾಳಿ ದಾಟಿದ ಮೇಲೆ ಅವರು ಹೇಳಿದ ಒಂದೇ ಮಾತನ್ನು ಶಂಕ್ರಮ್ಮ ಇಂದಿಗೂ ನೆನೆಸಿಕೊಂಡು ಮೈ ಜುಂ ಎನ್ನುತ್ತದೆ ಎನ್ನುತ್ತಾರೆ. "ಇಷ್ಟು ವರ್ಷ ಜನ ಸತ್ತ ಮೇಲೆ ಆ ಪದ ಬರೀತಿದ್ದೆ ಶಂಕ್ರಮ್ಮ. ಈಗ ಪದ ಮೊದ್ಲು ಬರೆದ್ಬಿಟ್ಟೆ." ದಾರಿಯಲ್ಲಿ ಎದುರಿಗೆ ಒಂದು ಆಂಬುಲೆನ್ಸ್ ಬಂದಾಗ ಗಾಡಿ ನಿಲ್ಲಿಸಿ, ಅದು ಕಣ್ಮರೆಯಾಗುವವರೆಗೂ ಹಿಂತಿರುಗಿ ನೋಡಿದರು.

ತ್ಯಾವಣಿಗೆಯ ಆ ಮನೆಯ ಮುಂದೆ ಪೆಂಡಾಲು ಹಾಕಿತ್ತು. ಆಗಷ್ಟೇ ಬುದ್ಧವಂದನೆ ಮುಗಿದಿತ್ತು. ಗಂಟು ಬಿಚ್ಚಿಯಾಗಿತ್ತು, ನಲವತ್ತೂ ಅಂಗಿಗಳು ನಲವತ್ತು ಎದೆಗಳ ಮೇಲಿದ್ದವು. ಯಾವ ಕಡೆ ಕಣ್ಣು ಹೊರಳಿಸಿದರೂ ಅದೇ ಪದ, ಕೆಂಪು ಹಸಿರಿನಲ್ಲಿ, ನಗುತ್ತ ಓಡಾಡುತ್ತಿತ್ತು. ತಾಯಿ ಧನುಶ್ರೀಯವರ ಮಡಿಲಲ್ಲಿ ಕೂತ ಕೂಸಿನ ಪುಟ್ಟ ಎದೆಯ ಮೇಲೂ ಅದೇ. ಯಾರಿಗೂ ಗೊತ್ತಾಗಿರಲಿಲ್ಲ. ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಶಂಕ್ರಮ್ಮ ಅವರ ತೋಳು ಹಿಡಿದು ಪಿಸುಗುಟ್ಟಿದರು. "ಯಾರೂ ನೋಡಿಲ್ಲ ಮೇಷ್ಟ್ರೇ. ದೇವ್ರು ಕಣ್ಣು ಕಟ್ಟಿದಾನೆ. ಸುಮ್ಕೆ ಹೋಗನ ನಡೀರಿ."

ಹೋಗಬಹುದಿತ್ತು, ನಿಜವಾಗಿಯೂ ಹೋಗಬಹುದಿತ್ತು. ಒಂದು ಕಾಲು ಹಿಂದಕ್ಕೆ ಇಟ್ಟೂ ಇದ್ದರು. ಹೇಳಿದರೆ ಹಬ್ಬ ಕೆಡುತ್ತದೆ, ಮೂವತ್ತು ವರ್ಷ ಕಾಪಾಡಿಕೊಂಡ ಹೆಸರು ಕೆಡುತ್ತದೆ, ಏಟು ಬಿದ್ದರೂ ಬೀಳಬಹುದು. ಹೇಳದಿದ್ದರೆ? ಆ ಫೋಟೋಗಳು ಮನೆಯಲ್ಲಿರುತ್ತವೆ. ಎಂದೋ ಒಂದು ದಿನ ಮಗುವಿಗೆ ಮೈ ಬಿಸಿಯಾದಾಗ ಯಾರೋ ಒಬ್ಬರು ಗೋಡೆಯ ಕಡೆ ನೋಡಿ ಕೂಡಿಸಿ ಓದುತ್ತಾರೆ. ಹೆದರಿಕೊಂಡೇ ಚಿತ್ತಪ್ಪನವರು ಪ್ರವೀಣ್ ಕುಮಾರ್ ಅವರ ಬಳಿಗೆ ಹೋಗಿ, ಅವರ ಎದೆಯ ಮೇಲಿನ ಅಕ್ಷರಕ್ಕೆ ಬೆರಳಿಟ್ಟರು. "ಇದು ನನ್ನ ತಪ್ಪು. ಓದ್ರಿ."

ಶಕುನಗಿಕುನ ನಮ್ಮ ಮನೆಯಲ್ಲಿ ನಂಬುವುದಿಲ್ಲ ಎಂದು ಅಂಗಡಿಯಲ್ಲಿ ಕೂತು ಭಾಷಣ ಮಾಡಿದ್ದ ಯುವಕ ತಲೆ ತಗ್ಗಿಸಿ ಓದಿದರು. ಓಡಿಹೋಗಿ ಮೊದಲು ಮಗುವಿನ ಅಂಗಿ ಬಿಚ್ಚಿದರು. ಆಮೇಲೆ ಆದ ಗದ್ದಲವನ್ನು ವಿವರಿಸುವುದು ಬೇಡ. ಯಾರೋ ಸೋದರಮಾವ ಚಿತ್ತಪ್ಪನವರ ಕೊರಳಪಟ್ಟಿ ಹಿಡಿದರು. ಮಗುವಿನ ಅಜ್ಜಿ, ಅಜ್ಜಮ್ಮ ಎಂಬ ಓದು ಬಾರದ ಮುದುಕಿ, ಏನೆಂದು ಕೇಳಿ ತಿಳಿದು, ಹತ್ತಿರ ಬಂದು, ಕಿರುಚದೆ ಕೂಗದೆ ಅಂದರು: "ನನ್ನ ಕೂಸಿಗೆ ಏನಾರ ಆದ್ರೆ ನಿನ್ನ ಬಾಗ್ಲಿಗೇ ತಂದು ಮಲಗಿಸ್ತೀನಿ ಕಣಪ್ಪ." ನಲವತ್ತೊಂದು ಅಂಗಿಗಳನ್ನು ಗಂಟು ಕಟ್ಟಿಕೊಂಡು ಇಬ್ಬರೂ ವಾಪಸಾದರು.

ಆರನೆಯ ದಿನ ಮಗುವಿಗೆ ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದರು. ಸುದ್ದಿ ನ್ಯಾಮತಿಗೆ ಮುಟ್ಟಿದಾಗ ಚಿತ್ತಪ್ಪನವರು ಕೈಯಲ್ಲಿದ್ದ ಬಣ್ಣವನ್ನು ತೊಳೆಯದೆಯೇ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಮನೆಯವರ ಕಣ್ಣಿಗೆ ಬೀಳುವ ಧೈರ್ಯವಿಲ್ಲದೆ, ಮೆಟ್ಟಿಲ ಕೆಳಗಿನ ಬೆಂಚಿನ ಮೇಲೆ ಮೂರು ಹಗಲು ಕೂತರು. ಮೇಲಿನಿಂದ ಯಾರು ಇಳಿದು ಬಂದರೂ ಮುಖ ನೋಡುತ್ತಿದ್ದರು. ಅತ್ತ ಮುಖವೋ, ಅಳದ ಮುಖವೋ? ಯಾವ ಹೆಂಗಸಿನ ಅಳು ಕೇಳಿದರೂ ಎದ್ದು ನಿಲ್ಲುತ್ತಿದ್ದರು. ಕುಲದೇವರಿಂದ ಹಿಡಿದು ಆ ಮನೆಯವರ ಬುದ್ಧನವರೆಗೆ ಎಲ್ಲರನ್ನೂ ಬೇಡಿಕೊಂಡರು. ಮೂರನೆಯ ದಿನ ಮಧ್ಯಾಹ್ನ ಬಿಸಿನೀರಿಗೆ ಇಳಿದು ಬಂದ ಅಜ್ಜಮ್ಮ ಅವರನ್ನು ಕಂಡರು. ಎದ್ದು ನಿಂತ ಈ ಮನುಷ್ಯನ ಹಸಿರು ಬಣ್ಣ ಮೆತ್ತಿದ ಕೈಯನ್ನು ನೋಡಿದರು. "ಊಟ ಮಾಡಿದೀಯಾ?" ಎಂದರು. ಇಲ್ಲವೆಂದು ತಲೆಯಾಡಿಸಿದ್ದಕ್ಕೆ, "ಜ್ವರ ಇಳಿದೈತೆ. ಹಾಲು ಕುಡೀತು. ಮ್ಯಾಲೆ ಬಾ, ಬುತ್ತಿ ಐತೆ" ಎಂದರು.

ಮಗು ಗುಣವಾಯಿತು, ಚಿತ್ತಪ್ಪನವರಿಗೆ ಮಾತ್ರ ಗುಣವಾಗಲಿಲ್ಲ. ಅಂದಿನಿಂದ ಪ್ರತಿ ಅಂಗಿಯನ್ನೂ ಶಂಕ್ರಮ್ಮ ಕೂಡಿಸಿ ಓದದೆ ಹೊರಗೆ ಕಳಿಸಲಿಲ್ಲ. ಅವರ ಶಿಷ್ಯರ ಅಂಗಡಿಗಳಲ್ಲಿ ಇಂದಿಗೂ ಕೊನೆಯಲ್ಲಿ ಓದಿಸುವುದು ಹಾಗೆ ತಡವರಿಸಿ ಓದುವವರಿಂದಲೇ. ತ್ಯಾವಣಿಗೆಗೆ ತಿಂಗಳಿಗೊಮ್ಮೆ ಏನಾದರೊಂದು ನೆಪ ಮಾಡಿಕೊಂಡು ಹೋಗಿ ಮಗುವನ್ನು ನೋಡಿ ಬರುತ್ತಿದ್ದರು. ಅದು ಕೆಮ್ಮಿದರೆ ಅವರಿಗೆ ವಾರವಿಡೀ ಊಟ ಸೇರುತ್ತಿರಲಿಲ್ಲ.

ಕಳೆದ ತಿಂಗಳು ನಿವೃತ್ತಿಯ ಸುದ್ದಿ ಹೇಳಲು ಹೋಗಿದ್ದರು. ಎರಡನೇ ಕ್ಲಾಸಿನ ಶ್ರದ್ಧಾ ಸ್ಲೇಟು ಹಿಡಿದು ಪಕ್ಕಕ್ಕೆ ಬಂದು ಕೂತಳು. ಈ ವರ್ಷ ಒತ್ತಕ್ಷರ ಕಲಿಸುತ್ತಿದ್ದಾರಂತೆ. "ಅಜ್ಜಾ, ನನ್ನ ಹೆಸ್ರು ಬರೀತೀನಿ ನೋಡು" ಎಂದು, ನಾಲಿಗೆ ಹೊರಗೆ ಹಾಕಿಕೊಂಡು, ಒತ್ತಿ ಒತ್ತಿ ಬರೆದು ತೋರಿಸಿದಳು. ಶ್ರಾದ್ಧ.

ಚಿತ್ತಪ್ಪನವರು ಮಂಚದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಪಕ್ಕದಲ್ಲಿದ್ದ ಅಜ್ಜಮ್ಮ ಓದು ಬಾರದೆ, ಮೊಮ್ಮಗಳು ಬರೆದಳೆಂಬ ಹೆಮ್ಮೆಗೆ ನಗುತ್ತಿದ್ದರು. ಹುಡುಗಿ ತಲೆ ವಾಲಿಸಿ ಒಮ್ಮೆ ನೋಡಿ, "ಥೋ, ದೀರ್ಘ ಅಲ್ಲಿಗೆ ಬಿತ್ತು" ಎಂದು ಹೆಬ್ಬೆರಳಿಗೆ ಎಂಜಲು ಹಚ್ಚಿ ಅದನ್ನು ಒರೆಸಿ, ಕೊನೆಯ ಅಕ್ಷರಕ್ಕೆ ಎಳೆದಳು. ಆಮೇಲೆ ಅವರ ಮುಖ ನೋಡಿದಳು. "ಅದಕ್ಯಾಕಜ್ಜ ಅಳ್ತೀಯ? ಅಳಿಸಿ ಬರದೆ ನೋಡು, ಸರಿ ಐತೆ."

ಇಂಥ ಲೇಖನದ ಕೊನೆಗೆ ಸನ್ಮಾನಿತರಿಗೆ ಆಯುಸ್ಸು ಕೋರಬೇಕು, ಕಲಿಸುವ ಕೆಲಸ ನಿಲ್ಲದಿರಲೆಂದು ಹಾರೈಸಬೇಕು. ಏನೆಂದು ಬರೆಯಲಿ ಎಂದು ಕೇಳಿದಾಗ ಚಿತ್ತಪ್ಪನವರು ಕೈ ಅಲ್ಲಾಡಿಸಿದರು. "ನನಗೆ ಬ್ಯಾಡ್ರೀ. ಏನಿದ್ರೂ ಆ ಕೂಸಿಗೆ ಬರೀರಿ. ಬರೆಯೋವಾಗ ದೀರ್ಘ ಎಲ್ಲಿ ಬೀಳ್ತೈತೆ ನೋಡ್ಕೊಂಡು ಬರೀರಿ." ಆದ್ದರಿಂದ ಎರಡೆರಡು ಸಲ ನೋಡಿಕೊಂಡೇ ಬರೆಯುತ್ತಿದ್ದೇವೆ: ಚಿರಂಜೀವಿ ಶ್ರದ್ಧಾ ನೂರು ವರ್ಷ ಬಾಳಲಿ, ಅದನ್ನು ಕಣ್ಣಾರೆ ನೋಡಿ ನಂಬಲು ಚಿತ್ತಪ್ಪಜ್ಜನೂ ಇರಲಿ.