ಭಾವನ ಎಡೆಗೆ ಬಂದ ಯೂರೋಪು

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ನಾನು ವರ್ಷಗಟ್ಟಲೆ ಯೂರೋಪಿನ ಇತಿಹಾಸ ಪಾಠ ಮಾಡಿದೆ. ಮೈಸೂರಿನಿಂದಾಚೆಗೆ ಹೆಚ್ಚು ಹೋದವಳಲ್ಲ. ಆದರೂ ಯಾವ ರಾಜ ಯಾವ ರಾಜನ ಮೇಲೆ ಯಾಕೆ ಬಿದ್ದ ಎಂಬುದನ್ನು ಪಕ್ಕದ ಬೀದಿಯ ಜಗಳದಷ್ಟೇ ಸಲೀಸಾಗಿ ಹೇಳುತ್ತಿದ್ದೆ. ಮಕ್ಕಳು ಆಕಳಿಸುತ್ತಿದ್ದರು. ನನ್ನ ಪಾಠವನ್ನು ಬಾಯಿಬಿಟ್ಟುಕೊಂಡು ಕೇಳಿದವರೆಂದರೆ ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿ ಆಲೂಗಡ್ಡೆ ಬೆಳೆದು ಹಾಸನದ ಮಾರ್ಕೆಟ್ಟಿಗೆ ಲೋಡು ಕಳಿಸುತ್ತಿದ್ದ ನನ್ನ ಭಾವ, ಅಕ್ಕನ ಗಂಡ, ಒಬ್ಬರೇ.

ಅವರಿಗೆ ಯೂರೋಪಿನ ಮೇಲಿದ್ದ ಪ್ರೀತಿಯೆಲ್ಲ ಆಲೂಗಡ್ಡೆಯಿಂದ ಬಂದದ್ದು. ರಜೆಗೆ ಹೋದಾಗಲೆಲ್ಲ ಜಗಲಿಯಲ್ಲಿ ಕೂತು, "ಅಮ್ಮಣ್ಣಿ, ಆ ಲಡಾಯಿ ಕತೆ ಯೋಳು" ಎನ್ನುತ್ತಿದ್ದರು. ಕತೆ ಇಷ್ಟೇ. ಸಮುದ್ರದಾಚೆಯಿಂದ ಆಲೂಗಡ್ಡೆ ಬಂದಾಗ ಯೂರೋಪಿನವರು ಮೂಗು ಮುರಿದರು. ನಮ್ಮ ಧರ್ಮಗ್ರಂಥದಲ್ಲಿ ಇದರ ಸುದ್ದಿಯೇ ಇಲ್ಲ ಎಂದು ಕೆಲವರು, ತಿಂದರೆ ಕುಷ್ಠ ಬರುತ್ತದೆ ಎಂದು ಕೆಲವರು, ಹಂದಿಗೆ ಹಾಕಿದರು. ಆಮೇಲೆ ಯುದ್ಧಗಳು ಬಂದವು. ಬಂದ ದಂಡೆಲ್ಲ ಕಣಜದ ಗೋಧಿಯನ್ನು ಬಾಚಿಕೊಂಡು ಹೋಯಿತು. ಆಲೂಗಡ್ಡೆ ಮಾತ್ರ ಮಣ್ಣೊಳಗೇ ಉಳಿಯಿತು. ಕೂತು ಅಗೆಯುವ ತಾಳ್ಮೆ ಯಾವ ಸಿಪಾಯಿಗಿದೆ? ರೈತರು ಅದನ್ನೇ ತಿಂದು ಜೀವ ಉಳಿಸಿಕೊಂಡರು. ಕತೆ ಇಲ್ಲಿಗೆ ಬಂದಾಗ ಭಾವ ತೊಡೆ ತಟ್ಟಿಕೊಂಡು, ಆ ರೈತರೆಲ್ಲ ತಮ್ಮ ಬೀಗರೇ ಎಂಬಂತೆ ಹಿಗ್ಗುತ್ತಿದ್ದರು.

ಅವರ ಮನೆಯಲ್ಲೂ ಒಂದು ಲಡಾಯಿ ಇತ್ತು. ಭಾವನ ತಮ್ಮ ಹೊಲಕ್ಕೆಲ್ಲ ತೆಂಗು ಹಾಕೋಣ ಎಂದ. ಭಾವ ಆಲೂಗಡ್ಡೆ ಬಿಡಲೊಲ್ಲರು. ಕೊನೆಗೆ ಪಾಲಾಯಿತು, ಮನೆಯ ನಡುವೆ ಗೋಡೆ ಎದ್ದಿತು. ತಮ್ಮ ಚನ್ನರಾಯಪಟ್ಟಣಕ್ಕೆ ಓಡಾಡಿಕೊಂಡು ಕೊಬ್ಬರಿ ವ್ಯಾಪಾರ ಹಿಡಿದ. ಅಣ್ಣನ ಆಲೂಗಡ್ಡೆಯನ್ನು ಈ ಜನ್ಮದಲ್ಲಿ ಬಾಯಿಗಿಡುವುದಿಲ್ಲ ಎಂದು ಊರ ಮುಂದೆ ಶಪಥ ಮಾಡಿದ. ಇಬ್ಬರೂ ಮಾತು ಬಿಟ್ಟರು. ಹೆಂಗಸರು ಮಾತ್ರ ಗೋಡೆಯ ಮೇಲಿಂದ ಸಾರಿನ ಪಾತ್ರೆ ದಾಟಿಸುವುದನ್ನು ಬಿಡಲಿಲ್ಲ. ಗಂಡಸರು ಏನೂ ಗೊತ್ತಿಲ್ಲದವರಂತೆ ಉಣ್ಣುತ್ತಿದ್ದರು. ಸಾರಿನಲ್ಲಿ ಆಲೂಗಡ್ಡೆ ಸಿಕ್ಕರೆ ತಮ್ಮ ಅದನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸುತ್ತಿದ್ದನಂತೆ. ಯೂರೋಪಿನಲ್ಲೂ ಇದೇ ಪಾಡು. ಗಡಿಯಲ್ಲಿ ತುರ್ಕರ ಮೇಲೆ ಕತ್ತಿ ಹಿರಿದವರ ಮನೆಯಲ್ಲೇ ತುರ್ಕರಿಂದ ಕಲಿತ ಕಾಫಿ ಕುದಿಯುತ್ತಿತ್ತು.

ಹೀಗೇ ಮಾತಿಲ್ಲದೆ ಇರುವಾಗಲೇ ಭಾವ ತೀರಿಕೊಂಡರು. ವರ್ಷ ತುಂಬಿದ ಮೇಲೆ ಪಿತೃಪಕ್ಷ ಬಂತು. ಅವರಿಗೆ ಅದು ಮೊದಲ ಎಡೆ. ನಮ್ಮ ಕಡೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆಗೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಹೊರಗೆ ಕಾಯುತ್ತೇವೆ. ಹಿರಿಯರು ಬಂದು ಉಂಡು ಹೋಗುತ್ತಾರೆ. ಧೂಪ ಹಾಕಿದವನು ಆಮೇಲೆ ಸತ್ತವರ ಎಲೆಗೇ ಕೂತು ಉಣ್ಣಬೇಕು. ಉಣ್ಣದಿದ್ದರೆ ಸತ್ತವರು ಹಸಿದುಕೊಂಡು ಹೋದ ಹಾಗೆ ಎಂಬುದು ಆ ಮನೆಯ ನಂಬಿಕೆ. ಅಕ್ಕನಿಗೆ ಗಂಡುಮಕ್ಕಳಿಲ್ಲ. ಧೂಪ ಹಾಕಬೇಕಾದವನು ಅವಳ ಮೈದುನನೇ, ಭಾವನ ಆ ತಮ್ಮನೇ.

ಅವನೇನೋ ಬಂದ. ಆದರೆ ಈಚೆಗೆ ಮೊಬೈಲಿನಲ್ಲಿ ಏನೇನೋ ನೋಡಿ ದೇಶಾಭಿಮಾನ ಉಕ್ಕಿತ್ತು. ಒಲೆಯ ಮೇಲೆ ಕುದಿಯುತ್ತಿದ್ದ ಬಾಡಿನ ಸಾರಿಗೆ ಇಣುಕಿ ನೋಡಿ, "ಪರದೇಶದ್ ಪದಾರ್ಥ ಇಟ್ರೆ ಇರೀಕ್ರು ಮುಟ್ಟಾಕಿಲ್ಲ ಅತ್ಗೆ. ಆಲೂಗಡ್ಡೆ ಇಟ್ರೆ ನಾನ್ ಧೂಪ ಆಕಾಕಿಲ್ಲ" ಎಂದುಬಿಟ್ಟ.

ಅಕ್ಕ ಸೌಟು ಹಿಡಿದೇ ತಿರುಗಿದಳು. "ಜೀವಮಾನೆಲ್ಲ ಆಲೂಗಡ್ಡೆ ಬೆಳ್ದೋರ್ಗೆ ಆಲೂಗಡ್ಡೆ ಇಲ್ದಿರೋ ಎಡೆ ಇಡ್ಲಾ?"

ಇಬ್ಬರೂ ನನ್ನ ಮುಖ ನೋಡಿದರು. ಸುಳ್ಳು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಹಾಳು ನಾಲಿಗೆ ನಿಜವನ್ನೇ ಹೇಳಿತು: ಆಲೂಗಡ್ಡೆ ನಮ್ಮದಲ್ಲ, ಅಮೆರಿಕದ್ದು, ಯೂರೋಪಿನವರು ತಂದದ್ದು. ಮೈದುನ ಗೆದ್ದವನಂತೆ ಮೀಸೆ ಸವರಿಕೊಂಡ. ಅದನ್ನು ಕಂಡು ನನಗೆ ಮೈ ಉರಿಯಿತು. ಹಾಗಾದರೆ ಸಾರಿನ ಮೆಣಸಿನಕಾಯಿಯನ್ನೂ ತೆಗೆಯಪ್ಪ, ಅದು ಪೋರ್ಚುಗೀಸರು ತಂದದ್ದು ಎಂದೆ. ಟೊಮೇಟೊ ಅಮೆರಿಕದ್ದು. ಪಾಯಸದ ಗೋಡಂಬಿ, ಚಟ್ನಿಯ ಕಡಲೆಕಾಯಿ, ತಟ್ಟೆಯ ಸೀಬೆಹಣ್ಣು, ಭಾವನಿಗೆಂದು ಇಟ್ಟಿದ್ದ ಬೀಡಿಯೊಳಗಿನ ಹೊಗೆಸೊಪ್ಪು, ಎಲ್ಲವೂ ಅದೇ ಹಡಗಿನಲ್ಲಿ ಬಂದವು.

ಮೊದಮೊದಲು ಅವನು ಒಂದೊಂದನ್ನೂ ತಾನೇ ಎತ್ತಿ ಪಕ್ಕಕ್ಕಿಟ್ಟ. ಬರಬರುತ್ತಾ ಕೈ ನಿಧಾನವಾಯಿತು. ತಾನೇ ತಂದಿದ್ದ ಬ್ರಾಂದಿ ಬಾಟಲಿಗೆ ಬಂದಾಗ, ಇದು ನಮ್ಮ ರಾಜ್ಯದಲ್ಲೇ ತಯಾರಾದದ್ದು ಎಂದು ಚೀಟಿ ತೋರಿಸಿದ. ಆಲೂಗಡ್ಡೆಯೂ ನಮ್ಮ ಹೊಲದ್ದೇ ಎಂದಳು ಅಕ್ಕ. ಅದರ ಬಿತ್ತನೆ ಪಂಜಾಬಿನ ಜಲಂಧರದಿಂದ ಬರುತ್ತದೆ ಎಂದ ಅವನು. ಜಲಂಧರ ಯಾವಾಗಿನಿಂದ ಪರದೇಶವಾಯಿತು ಎಂದು ನಾನು ಕೇಳಿದೆ. ಸಿಟ್ಟು ಇಳಿದಿರಲಿಲ್ಲ, ಮುದ್ದೆಯ ರಾಗಿ ಆಫ್ರಿಕದ್ದು ಎಂದೂ ಸೇರಿಸಿದೆ.

ಮೈದುನ ಅಲ್ಲೇ ಕುಕ್ಕರಿಸಿದ. "ರಾಗಿನೂವಾ ಮೇಡಮ್ಮೋರೆ?"

ಬಂದು ಸಾವಿರಾರು ವರ್ಷವಾಯಿತು ಎಂದು ಸಮಾಧಾನ ಹೇಳಿದೆ. ಹಾಗಾದರೆ ಎಷ್ಟು ವರ್ಷ ಇದ್ದರೆ ನಮ್ಮದಾಗುತ್ತದೆ ಎಂದು ಕೇಳಿದ. ನನ್ನ ಪುಸ್ತಕಗಳು ಅದನ್ನು ಹೇಳುವುದಿಲ್ಲ ಎಂದೆ. ಅವನು ತಲೆ ಕೆರೆದುಕೊಂಡು, ಆ ಯೂರೋಪಿನವರು ತಮ್ಮ ಹಿರಿಯರಿಗೆ ಎಡೆ ಇಟ್ಟರೆ ಅದರ ಮೇಲೆ ಅವರದ್ದೇ ಅನ್ನುವುದು ಏನಿರುತ್ತದೆ ಎಂದ.

ಪಾಠ ಮಾಡುವ ಚಟ ನನ್ನನ್ನು ಬಿಟ್ಟಿಲ್ಲ. ಲೆಕ್ಕ ಹಾಕಿದೆ. ಗೋಧಿ, ಕುರಿ ಪಶ್ಚಿಮ ಏಷ್ಯಾದಿಂದ. ಅವರ ದೇವರೂ ಆ ಕಡೆಯಿಂದಲೇ. ಕೋಳಿ ನಮ್ಮ ಕಡೆಯ ಕಾಡಿನದು. ಸಕ್ಕರೆ, ಅಂಕಿಗಳು ನಮ್ಮಲ್ಲಿಂದ ಅರಬರ ಕೈಗೆ ಹೋಗಿ, ಯೂರೋಪಿನವರು ಆ ಅರಬರೊಂದಿಗೆ ಶತಮಾನಗಟ್ಟಲೆ ಬಡಿದಾಡುತ್ತಲೇ ಕಲಿತದ್ದು. ಕಾಗದ, ಸಿಡಿಮದ್ದು ಚೀನದ್ದು. ಎಲ್ಲ ಕಳೆದು ನೋಡಿದರೆ ಉಳಿದದ್ದು ಎಲೆಕೋಸು ಮತ್ತು ಜಗಳ.

"ಅಯ್ಯೋ ಪಾಪ," ಎಂದಳು ಅಕ್ಕ, "ಅವ್ರ್ ಇರೀಕ್ರಿಗೆ ಬರೀ ಕೋಸಾ?" ಅವಳಿಗೆ ನಿಜವಾಗಿಯೂ ಸಂಕಟವಾಗಿತ್ತು. ಅವರು ಕೇಳಿ ಪಡೆದದ್ದು ಕಡಿಮೆ, ಕಿತ್ತುಕೊಂಡದ್ದೇ ಜಾಸ್ತಿ ಎಂದು ನಾನು ಹೇಳಿದ ಮೇಲೆ ಮರುಕ ಸ್ವಲ್ಪ ಕಡಿಮೆಯಾಯಿತು.

ಕೊನೆಗೆ ರಾಜಿಯಾಯಿತು. ಒಂದೇ ಕೋಣೆಯಲ್ಲಿ ಎರಡು ಎಲೆ, ನಡುವೆ ಅಕ್ಕಿಹಿಟ್ಟಿನ ಗೆರೆ. ಈಚೆಗೆ ಮನೆಯ ಹಳೇ ಹಿರಿಯರಿಗೆ ಸ್ವದೇಶಿ ಎಲೆ: ಬರೀ ಕಾಳುಮೆಣಸಿನ ಬಾಡು, ಅನ್ನ, ಹೆಸರುಬೇಳೆ ಪಾಯಸ. ಆಚೆಗೆ ಭಾವನ ಎಲೆ: ಅನ್ನ, ಕೆಂಪಗಿನ ಸಾರು, ಆಲೂಗಡ್ಡೆ, ಬೀಡಿ. ರಾಗಿಯ ವಿಚಾರ ಇತ್ಯರ್ಥವಾಗದ್ದರಿಂದ ಮುದ್ದೆಯನ್ನು ಗೆರೆಯ ಮೇಲೆಯೇ ಕೂರಿಸಿದೆವು. ಬ್ರಾಂದಿ ಸ್ವದೇಶಿ ಎಲೆಯ ಪಕ್ಕಕ್ಕೆ ಹೋಗಿ ಕೂತಿತು, ಯಾರೂ ಕೇಳಲಿಲ್ಲ. ಮೈದುನ ಧೂಪವನ್ನು ಈಚೆ ಎಲೆಗೆ ಮಾತ್ರ ತೋರಿಸಿದ. ಹೊಗೆ ಗೆರೆ ದಾಟಿ ಆಚೆಗೂ ಹೋಯಿತು. ಬಾಗಿಲು ಮುಚ್ಚಿ ಹೊರಗೆ ಬಂದೆವು.

ಜಗಲಿಯಲ್ಲಿ ಕೂತೆವು. ಅವನು ನೆಲ ನೋಡುತ್ತಾ, ಅಣ್ಣ ಯಾವ ಎಲೆಗೆ ಕೂತಿರುತ್ತಾನೆ ಎಂದು ಮೆಲ್ಲಗೆ ಕೇಳಿದ. ಆಲೂಗಡ್ಡೆ ಎಲ್ಲಿದೆಯೋ ಅಲ್ಲಿ, ಎಂದಳು ಅಕ್ಕ.

ಬಾಗಿಲು ತೆರೆದಾಗ ಅವನು ನೇರವಾಗಿ ಸ್ವದೇಶಿ ಎಲೆಯ ಮುಂದೆ ಕೂರಲು ಹೋದ. ಅಕ್ಕ ಅಡ್ಡ ನಿಂತಳು. "ಅದು ಅಳೇ ಇರೀಕ್ರುದ್ದು. ನಿಮ್ಮಣ್ಣನ್ ಎಲೆ ಇದು ಕಣಪ್ಪ." ದನಿ ಏರಿಸಲಿಲ್ಲ. ಅವನು ಕೂರದೆ ಹೋದರೆ ಭಾವ ಹಸಿದುಕೊಂಡೇ ಹೋದ ಹಾಗೆ. ಇಷ್ಟು ಹೊತ್ತು ತಮಾಷೆ ನೋಡಿದ ನನಗೆ ಈಗ ನಗು ಬರಲಿಲ್ಲ.

ಅವನು ಅಕ್ಕನ ಮುಖ ನೋಡಿದ, ಎಲೆ ನೋಡಿದ. ಆಮೇಲೆ ಗೆರೆ ದಾಟಿ ಕೂತ. ಅಭ್ಯಾಸಬಲದಿಂದ ಬೆರಳು ಒಂದು ಆಲೂಗಡ್ಡೆಯನ್ನು ಎಲೆಯ ಅಂಚಿಗೆ ಸರಿಸಿತು. ಅಲ್ಲೇ ನಿಂತಿತು. ನಿಧಾನವಾಗಿ ವಾಪಸ್ಸು ಎಳೆದುಕೊಂಡು, ಅನ್ನದ ಜೊತೆ ಕಲಸಿ ಬಾಯಿಗಿಟ್ಟುಕೊಂಡ. ಅಗಿಯುತ್ತಾ ಅಗಿಯುತ್ತಾ ಅವನ ಕಣ್ಣು ಮೂಗು ಎಲ್ಲ ಸುರಿಯತೊಡಗಿತು. ಖಾರ ಜಾಸ್ತಿಯಾಯಿತಾ ಎಂದು ಯಾರೂ ಕೇಳಲಿಲ್ಲ.

"ಅತ್ಗೆ," ಎಂದ ತಲೆ ಎತ್ತದೆ, "ಅಣ್ಣಂಗೆ ಇನ್ನೊಂದೆಲ್ಡು ಆಲೂಗಡ್ಡೆ ಆಕ್ಬೇಕಿತ್ತು."

ಅಕ್ಕ ಪಾತ್ರೆ ತಂದು ಆ ಎಲೆಗೆ ಬಡಿಸಿದಳು.