ಬಕೆಟ್ಟಿನ ಒಳಗನ್ನು ಯಾರು ನೋಡುತ್ತಾರೆ

ನಮ್ಮ ಮರೀನ್ಯಾ ಗ್ರಾಂದೆ ಊರಿನಲ್ಲಿ ಪ್ಲಾಸ್ಟಿಕ್ ಸಾಮಾನಿಗೆ ಉಕ್ಕಿನ ಅಚ್ಚು ಮಾಡುವವರು ಬೀದಿಗೆ ಹತ್ತು ಜನ. ಆ ಅಚ್ಚುಗಳಿಗೆ ಕೈಯಿಂದ ಪಾಲಿಶ್ ಹಿಡಿಸುವವರೆಂದರೆ ದೋನಾ ಫೆಲಿಸ್ಬೇಲಾ, ಉಳಿದವರೆಲ್ಲ ಆಮೇಲೆ. ನಲವತ್ತೊಂದು ವರ್ಷಗಳಲ್ಲಿ ಆಕೆ ಕೈಯಾಡಿಸಿದ ಒಂದು ಅಚ್ಚೂ ಗಿರಾಕಿಯಿಂದ ವಾಪಸು ಬಂದದ್ದಿಲ್ಲ. ಇದನ್ನು ಆಕೆ ಹೇಳಿಕೊಳ್ಳುತ್ತಿರಲಿಲ್ಲ, ಹೇಳಲು ನಾವಿದ್ದೆವು. ಜುಲೈ ಮುಗಿದರೆ ನಿವೃತ್ತಿ. ಕೊನೆಯ ಅಚ್ಚೂ ಹೋದದ್ದು ಹೋದಂತೆಯೇ ಇರಬೇಕೆಂಬುದೊಂದೇ ಆಕೆಯ ಹಟ. ಆ ಕೊನೆಯ ಅಚ್ಚು ಗೌದೆನ್ಸಿಯುವಿನದೇ ಆಗಬೇಕೆ!

ದ್ರಾಕ್ಷಿ ಬೆಳೆಯುವ ಬೈರಾಡ ಸೀಮೆಯ ಈ ಬಕೆಟ್ ವ್ಯಾಪಾರಿ ಎಂಜಿನಿಯರಿಂಗ್ ಓದನ್ನು ಎರಡೇ ವರ್ಷಕ್ಕೆ ಬಿಟ್ಟಿದ್ದ. ಬಿರುದನ್ನು ಮಾತ್ರ ಬಿಟ್ಟಿರಲಿಲ್ಲ. ‘ಸೆನ್ಯೋರ್ ಎಂಜಿನಿಯರ್’ ಎನ್ನದಿದ್ದರೆ ತಿರುಗಿಯೂ ನೋಡುತ್ತಿರಲಿಲ್ಲ. ದ್ರಾಕ್ಷಿ ಕೊಯ್ಲಿಗೆಂದು ಹನ್ನೆರಡು ಲೀಟರಿನ ಬಕೆಟ್ಟು, ಹೊರಗೂ ಒಳಗೂ ಕನ್ನಡಿಯಂತೆ ಹೊಳೆಯಬೇಕು. ಇದು ಅವನ ಆರ್ಡರು.

“ಬಕೆಟ್ಟಿನ ಒಳಗನ್ನ ಯಾರು ನೋಡ್ತಾರೆ, ಸೆನ್ಯೋರ್ ಎಂಜಿನಿಯರ್?” ಎಂದು ಫೆಲಿಸ್ಬೇಲಾ ಕೇಳಿದರು.

“ನಾನು ನೋಡ್ತೀನಿ.”

“ದ್ರಾಕ್ಷಿ ತುಂಬಿದ ಮೇಲೂ?”

ಆಕೆ ತಾಳ್ಮೆಯಿಂದ ವಿವರಿಸಿದರು. “ಒಳಗಡೆ ರೂಪ ಕೊಡೋದು ಈ ಉಕ್ಕಿನ ದಿಂಡು. ಇದನ್ನ ಕನ್ನಡಿ ಮಾಡಿದ್ರೆ ಪ್ಲಾಸ್ಟಿಕ್ಕು ಬಿಗಿಯಾಗಿ ಕಚ್ಚಿಕೊಳ್ಳುತ್ತೆ, ಗಾಳಿ ನುಗ್ಗೋಕೆ ಸಂದೇ ಇರಲ್ಲ. ಸ್ವಲ್ಪ ಮಂಕಾಗಿ ಬಿಟ್ಟರೆ ಸಲೀಸಾಗಿ ಕಳಚಿಕೊಳ್ಳುತ್ತೆ.”

“ಪಾಲಿಶ್ ಮಾಡೋರೇ ಪಾಲಿಶ್ ಬೇಡ ಅಂದ್ರೆ ಹೆಂಗಮ್ಮಾ? ಕೈನೋವು ಅನ್ನಿ, ಒಪ್ಕೋತೀನಿ.”

ನಕ್ಷೆ ಬರೆಯುವವನು ನಾನು. ದಿಂಡಿಗೂ ಪ್ಲಾಸ್ಟಿಕ್ಕಿಗೂ ನಡುವೆ ಗಾಳಿ ಬಿಡಲು, ಬಕೆಟ್ಟಿನ ತಳ ಬರುವ ಕಡೆ ಪುಟ್ಟ ಕವಾಟವೊಂದನ್ನು ಬರೆದಿದ್ದೆ. ಬಕೆಟ್ಟಿನ ಮೇಲೆ ಗುರುತು ಬೀಳುತ್ತದೆ, ಬೇಡ ಎಂದ ಗೌದೆನ್ಸಿಯು. ಅವನ ಮಾತು ಮುಗಿಯುವ ಮೊದಲೇ ಅಳಿಸಿದೆ. ಗಿರಾಕಿಯ ಮಾತು ಒಪ್ಪುವುದರಲ್ಲಿ ನನ್ನನ್ನು ಮೀರಿಸಿದವರು ಈ ಊರಲ್ಲಿಲ್ಲ.

“ಆಗಲಿ, ಕನ್ನಡಿನೇ ಮಾಡ್ತೀನಿ,” ಎಂದರು ಫೆಲಿಸ್ಬೇಲಾ. “ಅಚ್ಚು ಇಲ್ಲಿಂದ ಹೊರಡೋ ಮುಂಚೆ ಪರೀಕ್ಷೆ ಇದೆಯಲ್ಲ, ಅವತ್ತು ನೀವೇ ಬರಬೇಕು.”

ಒಂಬತ್ತು ದಿನ ಉಜ್ಜಿದರು. ಪರೀಕ್ಷೆಯ ದಿನ ಗೌದೆನ್ಸಿಯು ಕೋಟು, ಟೈ ಧರಿಸಿ ಬಂದ. ಒಂದು ಗಂಟೆಗೆ ಹೋಟೆಲಿನಲ್ಲಿ ನಮಗೆಲ್ಲ ಹಂದಿಮರಿಯ ರೋಸ್ಟು ಹೇಳಿಟ್ಟಿದ್ದ. ದಿಂಡಿನಲ್ಲಿ ಮುಖ ನೋಡಿ ಮೀಸೆ ತೀಡಿಕೊಂಡ. ಯಂತ್ರ ಮುಚ್ಚಿ, ತೆರೆಯಿತು. ಬಕೆಟ್ಟು ದಿಂಡನ್ನು ತಬ್ಬಿಕೊಂಡು ಕೂತಿತ್ತು. ಬಕೆಟ್ಟನ್ನು ಹೊರಕ್ಕೆ ತಳ್ಳುವ ಕಡ್ಡಿಗಳು ಮುಂದೆ ಬಂದು ತಳಕ್ಕೆ ನಾಲ್ಕು ತೂತು ಹೊಡೆದವು, ಬಕೆಟ್ಟು ಅಲುಗಲಿಲ್ಲ. ಕಿತ್ತು ತೆಗೆದು ಇನ್ನೊಂದು ಮಾಡಿದರೆ ಅದೂ ಹಾಗೆಯೇ.

“ನಿಮ್ಮ ಯಂತ್ರ ಸರಿಯಿಲ್ಲ,” ಎಂದ.

ಫೆಲಿಸ್ಬೇಲಾ ಏಪ್ರನ್ನಿನ ಜೇಬಿಗೆ ಕೈಹಾಕಿದರು. ಸಾಣೆಕಲ್ಲು ಬೆಳಿಗ್ಗೆಯಿಂದಲೇ ಅಲ್ಲಿತ್ತು, ಒಂದಲ್ಲ, ಎರಡು.

“ನೀವು ಊಟ ಮಾಡ್ಕೊಂಡು ಬನ್ನಿ. ಅಷ್ಟರಲ್ಲಿ ಮಂಕು ಮಾಡಿರ್ತೀನಿ.”

“ನನ್ನ ಹೊಳಪನ್ನ ನಿಮ್ಮ ಕೈಗೆ ಬಿಟ್ಟು ಹೋಗ್ಲಾ?”

“ಹಾಗಾದ್ರೆ ಕೋಟು ಬಿಚ್ಚಿ.” ಎರಡನೆಯ ಕಲ್ಲು ಅವನ ಕೈಗೆ ಬಂತು. “ಬಕೆಟ್ಟು ಕಳಚೋ ದಿಕ್ಕಿಗೇ ಉಜ್ಜಬೇಕು, ನೇರಕ್ಕೆ. ಸುತ್ತ ತಿರುಗಿಸ್ಬೇಡಿ, ಸೂಪು ಕಲಕ್ತಾ ಇಲ್ಲ ನೀವು!”

ಮೂರು ಗಂಟೆ ಕಾಲ ಇಬ್ಬರೂ ಉಜ್ಜಿದರು. ಹಂದಿಮರಿ ಆರಿತು, ಹೋಟೆಲಿನವನು ಎರಡು ಸಲ ಫೋನು ಮಾಡಿ ಬೇಸತ್ತು ಬಿಟ್ಟ. ಉಕ್ಕಿನೊಳಗೆ ಗೌದೆನ್ಸಿಯುವಿನ ಮೀಸೆ ಮೊದಲು ಮಾಯವಾಯಿತು, ಆಮೇಲೆ ಟೈ, ಕೊನೆಗೆ ಪೂರ್ತಿ ಮನುಷ್ಯನೇ. “ಗೌದೆನ್ಸಿಯು, ಆ ಮೂಲೆ ಬಿಟ್ಟಿರಿ,” ಎಂದು ಆಕೆ ಬರೀ ಹೆಸರು ಹಿಡಿದು ಕರೆದರೆ, ಬೆವರೊರೆಸಿಕೊಂಡು ಆ ಮೂಲೆಯನ್ನು ಉಜ್ಜಿದ.

ನಾಲ್ಕು ಗಂಟೆಗೆ ಯಂತ್ರ ತೆರೆಯಿತು. ಬಕೆಟ್ಟು ದಬ್ಬೆಂದು ಕೆಳಗೆ ಬಿತ್ತು. ಇನ್ನೊಂದು ಬಿತ್ತು. ಇಪ್ಪತ್ತು ಬಿದ್ದವು, ತಳದಲ್ಲಿ ಒಂದು ತೂತಿಲ್ಲ.

“ನಾನು ಉಜ್ಜಿದ ಕಡೆನೇ ಮೊದಲು ಬಿಟ್ಕೊಂಡಿದ್ದು, ಗಮನಿಸಿದ್ರಾ?”

“ಗಮನಿಸಿದೆ, ಸೆನ್ಯೋರ್ ಎಂಜಿನಿಯರ್,” ಎಂದು ಆಕೆ ಬಿರುದನ್ನು ಹಿಂದಿರುಗಿಸಿದರು.

ಅದಾಗಿ ಮೂರು ಕೊಯ್ಲು ಕಳೆದಿವೆ. ಒಳಗನ್ನು ಮಂಕಾಗಿ ಬಿಡುವ ಉಪಾಯ ತನ್ನದೇ ಎಂದು ಅವನು ಬೈರಾಡದ ತುಂಬ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಮೊನ್ನೆ ಫೆಲಿಸ್ಬೇಲಾರ ಮನೆಗೆ ಹೋಗಿ ಈ ಅನ್ಯಾಯವನ್ನು ವರದಿ ಮಾಡಿದೆ.

“ಹೇಳ್ಕೊಳ್ಳಲಿ ಬಿಡಪ್ಪ. ಅಚ್ಚು ವಾಪಸ್ ಬಂತಾ?”

“ಇಲ್ಲ.”

“ಮತ್ತೆ?” ಎಂದವರೇ ಬಾಲ್ಕನಿಯ ಪಾರ್ಸ್ಲಿ ಗಿಡಕ್ಕೆ ನೀರು ಹಾಕಿದರು. ಗಿಡ ಇದ್ದದ್ದು ಆ ಮೊದಲ ಬಕೆಟ್ಟಿನಲ್ಲಿ. ಹೆಚ್ಚಾದ ನೀರು ನಾಲ್ಕು ತೂತಿನಿಂದ ಚೆನ್ನಾಗಿ ಇಳಿದು ಹೋಯಿತು.