ಕರುವಿನ ಬದಲು ಹೋಳಿಗೆ

"ಅವ್ವಾ, ರಾಹೇಲಮ್ಮಂಗೆ ಕೆಲಸ ಏನು?"

ಮಗಳು ಗಿರಿಜೆ ಹಾಗೆ ಕೇಳಿದಾಗ ಶಿವಗಂಗಮ್ಮ ರೊಟ್ಟಿ ಹಿಟ್ಟು ನಾದುತ್ತಿದ್ದಳು. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಹೊನ್ನಾಳಿಯಿಂದ ನ್ಯಾಮತಿಗೆ ಬಂದು ಒಂದು ಕೋಣೆ ಹಿಡಿದಿದ್ದ ರಾಹೇಲಮ್ಮ, ಮಧ್ಯಾಹ್ನ ಕೊಡೆ ಬಿಚ್ಚಿಕೊಂಡು ಓಣಿಗೆ ಬರುವಳು, ಶಿವಗಂಗಮ್ಮನ ಜಗಲಿಯಲ್ಲಿ ಕೂತು ಅವರಿವರ ಅಕ್ಕಿಯ ಕಲ್ಲು ಆರಿಸುತ್ತ ಕಥೆ ಹೇಳುವಳು, ಕೂಸುಗಳಿಗೆ ಹೊಟ್ಟೆನೋವೆಂದರೆ ಓಮದ ನೀರು ಕುಡಿಸುವಳು, ಸಂಜೆ ಎದ್ದು ಹೋಗುವಳು.

"ಯೇಸುಸ್ವಾಮಿ ವಿಷಯ ಹೇಳಾಕೆ ಮಿಷನ್ನಿನೋರು ಇಟ್ಟಾರೆ ಕಣೆ."

"ಕಥೆ ಹೇಳಿದ್ರೆ ಪಗಾರ ಕೊಡ್ತಾರಾ? ಹಂಗಾದ್ರೆ ದೊಡ್ಡೋಳಾದ ಮೇಲೆ ನಾನೂ ಅದನ್ನೇ ಮಾಡ್ತೀನಿ."

ಒಳಗಿನಿಂದ ಅತ್ತೆ ಕರಿಬಸಮ್ಮ ಬೇಕೆಂದೇ ಕೆಮ್ಮಿದಳು.

ಇಷ್ಟು ವರ್ಷ ಓಡಾಡಿದರೂ ರಾಹೇಲಮ್ಮ ಓಣಿಯ ಒಬ್ಬರ ಕೊರಳಿನ ಲಿಂಗವನ್ನೂ ತೆಗೆಸಿರಲಿಲ್ಲ. ಬದಲಿಗೆ ಓಣಿಯ ಹೆಂಗಸರೇ ಅವಳ ಕಥೆಗಳನ್ನು ತಿದ್ದಿಬಿಟ್ಟಿದ್ದರು. ಆಸ್ತಿಯ ಪಾಲು ಹಾಳುಮಾಡಿ, ಹಂದಿ ಕಾಯ್ದು, ಸೋತು ಮನೆಗೆ ಮರಳಿದ ಮಗನ ಕಥೆ ಮೊದಲ ಸಲ ಕೇಳಿದಾಗ ಎಲ್ಲರೂ ಕಣ್ಣೊರೆಸಿಕೊಂಡಿದ್ದರು. "ಅವರಪ್ಪ ಕೊಬ್ಬಿದ ಕರು ಕೊಯ್ಸಿ ಊಟ ಹಾಕ್ಸಿದ" ಎಂದದ್ದೇ ತಡ, ಕರಿಬಸಮ್ಮ ಸೆರಗು ಕೊಡವಿ ಎದ್ದಳು.

"ಶಿವ ಶಿವಾ! ಮಗ ಬಂದ ಅಂತ ಕರು ಕೊಯ್ತಾರೇನೇ? ಅದಿರ್ಲಿ, ಆ ಹುಡುಗನ ತಾಯಿ ಎಲ್ಲಿಗೆ ಹೋಗಿದ್ಲು?"

ತಾಯಿಯ ಸುದ್ದಿ ಬೈಬಲ್ ಪುಸ್ತಕದಲ್ಲಿರಲಿಲ್ಲ. ಮರುದಿನದಿಂದ ಜಗಲಿ ಖಾಲಿ. ಬರಿಗಲ್ಲಿಗೆ ಕಥೆ ಹೇಳಿ ಬೇಸತ್ತ ರಾಹೇಲಮ್ಮ ಕೊನೆಗೆ ದಾರಿ ಬದಲಿಸಿದಳು. ಮಗನ ದನಿ ಕೇಳಿ ತಾಯಿ ಅಡುಗೆಮನೆಯಿಂದ ಓಡಿಬಂದಳು, ಹೋಳಿಗೆ ಮಾಡಿದಳು, ಕರು ಕೊಟ್ಟಿಗೆಯಲ್ಲೇ ಉಳಿಯಿತು. ಜಗಲಿಯೂ ತುಂಬಿತು. ಬರಬರುತ್ತ ಹೋಳಿಗೆಗೆ ತುಪ್ಪ ಬಂತು, ತಮ್ಮನಿಗೆ ಔತಣವೇ ಎಂದು ಮುನಿಸಿಕೊಂಡ ಹಿರಿಮಗನಿಗೆ ಚಾಡಿ ಹೇಳುವ ಹೆಂಡತಿಯೂ ಬಂದಳು.

ಎಪ್ಪತ್ತೆಂಟರ ಚಳಿಗಾಲದಲ್ಲಿ ಮಿಷನ್ನಿನ ಹಿರಿಯ ಪಾದ್ರಿ ಕೆಲಸ ಹೇಗೆ ನಡೆದಿದೆ ನೋಡಲು ಬಂದರು. ಯಾರಾದರೂ ಒಂದು ಕಥೆ ಹೇಳಿ ಎಂದರು. ಗಿರಿಜೆ ಒಂದೇ ಉಸಿರಿಗೆ ಒಪ್ಪಿಸಿದಳು, ತುಪ್ಪದ ಸಮೇತ.

ಪಾದ್ರಿ ಕನ್ನಡಕ ತೆಗೆದರು. "ಈ ತಾಯಿ ಯಾರು? ಹೋಳಿಗೆ ಎಲ್ಲಿಂದ ಬಂತು?"

"ತಾಯಿ ಇಲ್ದೆ ಮನೆ ಐತೇನ್ರೀ ಅಯ್ಯನೋರೇ?" ಕರಿಬಸಮ್ಮ ಬೀಗಿದಳು. "ಹೂರಣ ಅರೆಯೋದು ಹೆಂಗೆ ಅಂತ ನಾನೇ ಹೇಳಿಕೊಟ್ಟೆ."

ಪಾದ್ರಿ ನಗಲಿಲ್ಲ. ರಾಹೇಲಮ್ಮನ ಕಡೆ ತಿರುಗಿದರು. "ನಾಳೆ ಇದೇ ಕಥೆಯನ್ನು ಪುಸ್ತಕದಲ್ಲಿರುವಂತೆ ಹೇಳಿ, ನಾನೂ ಕೂತು ಕೇಳುತ್ತೇನೆ. ಇವರು ಎದ್ದು ಹೋದರೆ ಇಲ್ಲಿ ನಿಮ್ಮ ಕೆಲಸ ಮುಗಿಯಿತು, ಜಗಳೂರಿಗೆ ಹೊರಡಿ."

ಸಂಜೆ ರಾಹೇಲಮ್ಮ ಹಿತ್ತಲ ಬಾಗಿಲಿಗೆ ಬಂದಳು. ಅತ್ತೂ ಅತ್ತೂ ಕಣ್ಣು ಊದಿತ್ತು. ಶಿವಗಂಗಮ್ಮ ಕಾಫಿ ಕೊಟ್ಟಳು. ಇವಳು ಹೋದರೆ ತನ್ನ ತೊಟ್ಟಿಲ ಕೂಸು ಹೊಟ್ಟೆನೋವೆಂದು ಅತ್ತಾಗ ಯಾರನ್ನು ಕರೆಯುವುದು ಎಂಬ ಯೋಚನೆಯೇ ಅವಳಿಗೆ ಮೊದಲು ಬಂತು.

"ಜಗಳೂರಾಗೆ ನಂಗೆ ಯಾರದಾರೆ ತಂಗೀ? ಒಂದು ಉಪಕಾರ ಮಾಡು," ಎಂದಳು ರಾಹೇಲಮ್ಮ. "ನಾಳೆ ನಾನು ಕರು ಕೊಯ್ಯೋ ಹೊತ್ತಿಗೆ ನಿಮ್ಮತ್ತೇನ ಗಟ್ಟಿಯಾಗಿ ಹಿಡ್ಕೊಂಡು ಕುಂದ್ರು. ಆಯಮ್ಮ ಕುಂತ್ರೆ ಎಲ್ಲರೂ ಕುಂದ್ರತಾರೆ. ತಾಯಿ ಎಲ್ಲೂ ಹೋಗಿಲ್ಲ, ಅಡುಗೆಮನ್ಯಾಗೇ ಅದಾಳೆ, ನಾನು ಹೆಸರೆತ್ತಲ್ಲ ಅಷ್ಟೇ ಅಂತ ಮೊದ್ಲೇ ಕಿವಿಯಾಗೆ ಹೇಳಿಬಿಡು."